ಇಂಗ್ಲೆಂಡಿನ ಹಳ್ಳಿಗಾಡಿನ ಪುಟ್ಟ ಕಾಡು: ಯಾವಾಗ ಹೋಗಬೇಕು, ಹೇಗೆ ನಡೆಯಬೇಕು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕಾಡು ಅಂದರೆ ಹೆಚ್ಚಿನ ಕಡೆ ಗೋಧಿ, ಬಾರ್ಲಿ ಹೊಲಗಳ ನಡುವೆ ಉಳಿದುಕೊಂಡ ಇಪ್ಪತ್ತೋ ಐವತ್ತೋ ಎಕರೆಯ ಒಂದು ತುಂಡು. ಬಿರುಸಾಗಿ ನಡೆದರೆ ಈ ತುದಿಯಿಂದ ಆ ತುದಿಗೆ ಹತ್ತೇ ನಿಮಿಷ. ಜಲಪಾತವಿಲ್ಲ, ವ್ಯೂ ಪಾಯಿಂಟ್ ಇಲ್ಲ, ಬಹಳಷ್ಟು ಕಡೆ ಶೌಚಾಲಯವೂ ಇಲ್ಲ. ಲಂಡನ್ನಿನಿಂದಲೋ ರೆಡಿಂಗ್‌ನಿಂದಲೋ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬಂದವರು ಇಪ್ಪತ್ತು ನಿಮಿಷದಲ್ಲಿ ಸುತ್ತು ಮುಗಿಸಿ, ‘ಇಷ್ಟೇನಾ?’ ಅಂದುಕೊಂಡು ಹಿಂದಿರುಗುವುದು ಅಪರೂಪವಲ್ಲ. ತಪ್ಪು ಕಾಡಿನದಲ್ಲ. ಹೋದ ತಿಂಗಳು ಸರಿಯಿರುವುದಿಲ್ಲ, ಇಲ್ಲವೇ ನಡೆದ ವೇಗ ಸರಿಯಿರುವುದಿಲ್ಲ.

ಮೊದಲು ತಿಂಗಳು

ಇಲ್ಲಿನ ಮರಗಳು ಚಳಿಗಾಲದಲ್ಲಿ ಪೂರ್ತಿ ಎಲೆ ಉದುರಿಸುತ್ತವೆ. ಮೇ ತಿಂಗಳಲ್ಲಿ ಮೇಲಿನ ಎಲೆಚಪ್ಪರ ಮುಚ್ಚಿಕೊಂಡಿತೆಂದರೆ ನೆಲಕ್ಕೆ ಬೀಳುವ ಬಿಸಿಲು ತೀರಾ ಕಡಿಮೆ. ಹಾಗಾಗಿ ನೆಲದ ಹೂಗಿಡಗಳಿಗೆ ಅವಸರ. ಚಳಿ ಸಡಿಲುವುದಕ್ಕೂ ಚಪ್ಪರ ಮುಚ್ಚುವುದಕ್ಕೂ ನಡುವೆ ಸಿಗುವ ಎಂಟು ಹತ್ತು ವಾರಗಳಲ್ಲಿ ಅವು ಚಿಗುರಿ, ಹೂಬಿಟ್ಟು, ಗೆಡ್ಡೆಗೆ ಆಹಾರ ತುಂಬಿಕೊಂಡು ಮುಗಿಸಬೇಕು. ನೀವು ನೋಡಲು ಹೋಗುವುದು ಈ ಅವಸರವನ್ನೇ.

ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಬಿಳಿಯ ವುಡ್ ಅನಿಮನಿ. ಬಿಸಿಲಿದ್ದರೆ ಮಾತ್ರ ಅರಳುತ್ತದೆ, ಮೋಡ ಕವಿದರೆ ಮುದುಡಿ ತಲೆ ಬಾಗಿಸುತ್ತದೆ. ಆದ್ದರಿಂದ ಬೆಳಗಿನ ಎಂಟಕ್ಕೆ ಹೋದರೆ ಸುಖವಿಲ್ಲ, ಹನ್ನೊಂದರ ಮೇಲೆ ಹೋಗಿ. ಏಪ್ರಿಲ್‌ನಲ್ಲಿ ತಿಳಿಹಳದಿಯ ಪ್ರಿಮ್‌ರೋಸ್. ಕೇಂಬ್ರಿಜ್‌ಶೈರ್, ಸಫೋಕ್, ಎಸೆಕ್ಸ್ ಕೂಡುವ ಜೇಡಿಮಣ್ಣಿನ ಸೀಮೆಯಲ್ಲಿ ಅದರ ನೆಂಟ ಆಕ್ಸ್‌ಲಿಪ್ ಸಿಗುತ್ತದೆ. ಬ್ರಿಟನ್ನಿನಲ್ಲಿ ಅದರ ನೆಲೆ ಬಹುಮಟ್ಟಿಗೆ ಅಷ್ಟೇ. ಕೇಂಬ್ರಿಜ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಹೇಲಿ ವುಡ್ ಹತ್ತಿರದ ಜಾಗ. ಆ ಕಾಡಿನ ಹೆಸರು 1251ರ ದಾಖಲೆಯಲ್ಲೇ ಇದೆ.

ನೀಲಿ ಹೂವಿನ ಬ್ಲೂಬೆಲ್‌ಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಏಪ್ರಿಲ್ ಮೂರನೇ ವಾರದಿಂದ ಮೇ ಎರಡನೇ ವಾರದವರೆಗೆ ಸಮಯ. ಉತ್ತರಕ್ಕೆ ಹೋದಷ್ಟೂ ಒಂದು ವಾರ, ಹತ್ತು ದಿನ ತಡ. ಮಾರ್ಚ್ ಬೆಚ್ಚಗಿದ್ದರೆ ಎಲ್ಲವೂ ಮುಂದೆ ಬರುತ್ತದೆ. ಹೂವಿನ ತುದಿಯ ಮೊಗ್ಗುಗಳು ಇನ್ನೂ ಬಿಡದಿರುವ ವಾರವೇ ಬಣ್ಣ ಗಾಢ. ಬೀಚ್ ಮರದ ಎಲೆ ಪೂರ್ತಿ ಬಿಚ್ಚಿಕೊಂಡಿತೆಂದರೆ ಬಣ್ಣ ತೆಳುವಾಗಲು ಶುರುವಾಯಿತೆಂದೇ ಲೆಕ್ಕ. ಹೆಸರುವಾಸಿ ಜಾಗಗಳಿಗೆ ವಾರಾಂತ್ಯದಲ್ಲಿ ಹೋಗಬೇಡಿ. ಹರ್ಟ್‌ಫರ್ಡ್‌ಶೈರ್‌ನ ಆಶ್‌ರಿಜ್‌ನಲ್ಲಿರುವ ಡಾಕಿ ವುಡ್ ಎಷ್ಟು ಸಣ್ಣದು, ಜನ ಎಷ್ಟು ಮುಗಿಬೀಳುತ್ತಾರೆ ಎಂದರೆ ಅಲ್ಲಿ ಹೂವಿನ ಹಂಗಾಮಿನಲ್ಲಿ, ಆ ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಪ್ರವೇಶ ಶುಲ್ಕವನ್ನೇ ಇಟ್ಟದ್ದುಂಟು. ಅದಕ್ಕಿಂತ ನಿಮ್ಮ ಊರಿನ ಹತ್ತಿರದ, ಯಾರೂ ಹೆಸರು ಕೇಳಿರದ ಕಾಡೇ ವಾಸಿ. ಹೂವು ಎರಡೂ ಕಡೆ ಒಂದೇ.

ಹಕ್ಕಿಗಳ ದನಿಗಾಗಿ ಹೋಗುವುದಾದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಸೂರ್ಯ ಹುಟ್ಟುವ ಒಂದು ಗಂಟೆ ಮೊದಲು ಕಾಡಿನಲ್ಲಿರಬೇಕು. ಮೇ ಮೊದಲ ವಾರದಲ್ಲಿ ಲಂಡನ್ ಸುತ್ತ ಸೂರ್ಯೋದಯ ಸುಮಾರು 5.25ಕ್ಕೆ. ಅಂದರೆ ಎದ್ದೇಳಬೇಕಾದದ್ದು ಮೂರಕ್ಕೆ! ಜುಲೈ, ಆಗಸ್ಟ್ ಮಾತ್ರ ಸಪ್ಪೆ: ನೆಲದಲ್ಲಿ ಹೂವಿಲ್ಲ, ಹಕ್ಕಿಗಳು ಗರಿ ಬದಲಿಸುತ್ತಾ ಮೌನವಾಗಿರುತ್ತವೆ, ತುರಿಕೆ ಗಿಡ ಮತ್ತು ಮುಳ್ಳಿನ ಬ್ರ್ಯಾಂಬಲ್ ಹಾದಿಯ ಮೇಲೆ ಬಾಗಿರುತ್ತವೆ. ಭಾರತದಿಂದ ಅಪ್ಪ ಅಮ್ಮ ಬಂದಿರುವ ತಿಂಗಳುಗಳೂ ಅವೇ ಎನ್ನುವುದು ಬೇರೆ ಮಾತು. ಅವರಿಗೆ ಸೆಖೆಯ ದಿನ ನೆರಳಿನಲ್ಲಿ ಒಂದು ಸುತ್ತು ಸಾಕಾದೀತು. ಅಕ್ಟೋಬರ್ ಕೊನೆಯಿಂದ ನವೆಂಬರ್ ಎರಡನೇ ವಾರದವರೆಗೆ ಬೀಚ್ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗುತ್ತವೆ, ಅದಕ್ಕೆ ಚಿಲ್ಟರ್ನ್ಸ್ ಗುಡ್ಡಗಳ ಕಡೆ ಹೋಗಬೇಕು.

ಚಳಿಗಾಲದಲ್ಲಿ ಹೋಗುವವರು ಬೆಳಕಿನ ಲೆಕ್ಕ ಹಾಕಿಕೊಳ್ಳಿ. ಡಿಸೆಂಬರ್ ನಡುವಿನಲ್ಲಿ ಲಂಡನ್ ಸುತ್ತಲೂ ಸಂಜೆ ನಾಲ್ಕರೊಳಗೇ ಸೂರ್ಯಾಸ್ತ. ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಹಾದಿ ಕಾಣದಾಗುತ್ತದೆ. ಎರಡು ಗಂಟೆಯ ನಂತರ ಒಳಗೆ ಹೊರಡಬೇಡಿ.

ಯಾವ ಕಾಡು, ಯಾರ ಕಾಡು

ಇಲ್ಲಿ ಪ್ರತಿ ಕಾಡಿಗೂ ಒಬ್ಬ ಒಡೆಯನಿದ್ದಾನೆ. ಮರಗಳಿವೆ, ಬೇಲಿ ಇಲ್ಲ ಎಂದ ಮಾತ್ರಕ್ಕೆ ಒಳಗೆ ಹೋಗುವ ಹಕ್ಕಿಲ್ಲ. 2000ನೇ ಇಸವಿಯ ಕಾನೂನು ಬೆಟ್ಟ, ಬಯಲು, ಕುರುಚಲು ಗಿಡದ ಹೀತ್‌ಲ್ಯಾಂಡ್ ಮುಂತಾದ ಕಡೆ ಸ್ವತಂತ್ರವಾಗಿ ಅಡ್ಡಾಡುವ ಹಕ್ಕು ಕೊಟ್ಟಿತು. ಕಾಡುಗಳು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಲ್ಲ.

ಸುಲಭದ ದಾರಿ ವುಡ್‌ಲ್ಯಾಂಡ್ ಟ್ರಸ್ಟ್‌ನದು. 1972ರಲ್ಲಿ ಶುರುವಾದ ಈ ಸಂಸ್ಥೆಯ ಕೈಯಲ್ಲಿ ಸಾವಿರಕ್ಕೂ ಹೆಚ್ಚು ಕಾಡುಗಳಿವೆ, ಪ್ರವೇಶ ಉಚಿತ. ಅವರ ಜಾಲತಾಣದಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಕಾಡುಗಳು ಬರುತ್ತವೆ. ಜೊತೆಗೆ ಆಯಾ ಕೌಂಟಿಯ ವೈಲ್ಡ್‌ಲೈಫ್ ಟ್ರಸ್ಟ್, ನ್ಯಾಷನಲ್ ಟ್ರಸ್ಟ್, ಫಾರೆಸ್ಟ್ರಿ ಇಂಗ್ಲೆಂಡ್ ಇವರ ಕಾಡುಗಳನ್ನೂ ನೋಡಿ. ವಿವರಗಳಲ್ಲಿ ‘ಏನ್ಷಿಯಂಟ್ ವುಡ್‌ಲ್ಯಾಂಡ್’ ಎಂದಿದ್ದರೆ ಅದನ್ನೇ ಆರಿಸಿಕೊಳ್ಳಿ. 1600ನೇ ಇಸವಿಯಿಂದ ಇಂದಿನವರೆಗೆ ಕಾಡಾಗಿಯೇ ಉಳಿದಿರುವ ನೆಲ ಎಂಬುದು ಅದರ ಅರ್ಥ. ಬ್ಲೂಬೆಲ್, ಅನಿಮನಿಗಳು ಹೊಸ ನೆಡುತೋಪಿಗೆ ಅಷ್ಟು ಬೇಗ ಬರುವುದಿಲ್ಲ. ಅನಿಮನಿ ಇಲ್ಲಿ ಹೆಚ್ಚಾಗಿ ಬೀಜದಿಂದಲ್ಲ, ಬೇರುಕಾಂಡದಿಂದ ಹಬ್ಬುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್.

ಖಾಸಗಿ ಕಾಡಿನೊಳಗೂ ಸಾರ್ವಜನಿಕ ಕಾಲುದಾರಿ ಹಾದುಹೋಗಬಹುದು. ಆಗ ಆ ದಾರಿಯ ಮೇಲೆ ನಡೆಯುವ ಹಕ್ಕು ನಿಮ್ಮದು, ಅದರ ಅಕ್ಕಪಕ್ಕದ ನೆಲ ನಿಮ್ಮದಲ್ಲ. ಇದನ್ನು ತಿಳಿಯಲು ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ ಬೇಕು. ಕೇಸರಿ ರಟ್ಟಿನದು, 1:25,000 ಪ್ರಮಾಣದ್ದು, ನಕ್ಷೆಯ ಮೇಲಿನ 4 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಹಸಿರು ಬಣ್ಣದ ಗಿಡ್ಡ ತುಂಡುಗೆರೆ ಕಾಲುದಾರಿ, ಉದ್ದ ತುಂಡುಗೆರೆ ಕುದುರೆ ಮತ್ತು ಸೈಕಲ್ಲಿಗೂ ತೆರೆದಿರುವ ಬ್ರೈಡಲ್‌ವೇ. ಕಿತ್ತಳೆ ತುಂಡುಗೆರೆ ಒಡೆಯ ಬಿಟ್ಟುಕೊಟ್ಟ ದಾರಿ. ಅವನು ಮನಸ್ಸು ಬದಲಿಸಿದರೆ ಮುಚ್ಚಬಹುದು. ಕಪ್ಪು ತುಂಡುಗೆರೆ ಕಂಡು ಮೋಸಹೋಗಬೇಡಿ. ಅಲ್ಲೊಂದು ಜಾಡಿದೆ ಎಂದಷ್ಟೇ ಅದರ ಅರ್ಥ, ಹಕ್ಕಿದೆ ಎಂದಲ್ಲ. ನೆಲದ ಮೇಲೆ ಗೂಟಗಳಿಗೆ ಹೊಡೆದ ಬಾಣಗಳಲ್ಲೂ ಇದೇ ಭೇದ: ಹಳದಿ ಬಾಣ ಕಾಲುದಾರಿಗೆ, ನೀಲಿ ಬ್ರೈಡಲ್‌ವೇಗೆ.

ಗೂಗಲ್ ನಕ್ಷೆಯೊಂದನ್ನೇ ನಂಬಿ ಬರುವವರು ಎಡವುವುದು ಇಲ್ಲೇ. ಅದು ಕಾಡಿನ ಹಸಿರು ತೋರಿಸುತ್ತದೆ, ದಾರಿಯ ಹಕ್ಕನ್ನು ತೋರಿಸುವುದಿಲ್ಲ. ಕಾಡಿನ ಬೆನ್ನಿಗಿರುವ ರೈತನ ಅಂಗಳಕ್ಕೂ ಕರೆದೊಯ್ದೀತು. ಎಷ್ಟೋ ಹಳ್ಳಿಗಾಡಿನ ಕಾಡುಗಳಲ್ಲಿ ಮೊಬೈಲ್ ಸಿಗ್ನಲ್ ಒಂದು ಗೆರೆ ಸಿಕ್ಕರೆ ಪುಣ್ಯ. ಮನೆಯಲ್ಲೇ ನಕ್ಷೆ ಇಳಿಸಿಕೊಳ್ಳಿ, ಅಥವಾ ಕಾಗದದ್ದನ್ನೇ ಒಯ್ಯಿರಿ.

ತಲುಪುವುದು

ಹಳ್ಳಿ ಬಸ್ಸುಗಳು ದಿನಕ್ಕೆ ಮೂರೋ ನಾಲ್ಕೋ, ಭಾನುವಾರ ಬಹಳ ಕಡೆ ಒಂದೂ ಇಲ್ಲ. ಹೋಗುವ ಬಸ್ಸಿಗಿಂತ ಮೊದಲು ಹಿಂದಿರುಗುವ ಕೊನೆಯ ಬಸ್ಸಿನ ವೇಳೆ ಬರೆದುಕೊಳ್ಳಿ. ಶಾಲೆಯ ದಿನಗಳಲ್ಲಿ ಮಾತ್ರ ಓಡುವ ಬಸ್ಸುಗಳೂ ಇವೆ, ವೇಳಾಪಟ್ಟಿಯ ಕೆಳಗಿನ ಸಣ್ಣಕ್ಷರ ಓದಿ.

ಕಾರಿನಲ್ಲಿ ಹೋದರೆ ಸಣ್ಣ ಕಾಡಿನ ಬಾಗಿಲಲ್ಲಿ ನಾಲ್ಕೋ ಐದೋ ಕಾರಿಗೆ ಜಾಗವಿರುತ್ತದೆ. ಅದು ತುಂಬಿದ್ದರೆ ಹೊಲದ ಗೇಟಿನ ಮುಂದೆ ಮಾತ್ರ ನಿಲ್ಲಿಸಬೇಡಿ. ವಾರಗಟ್ಟಲೆ ಮುಚ್ಚಿಯೇ ಇದ್ದಂತೆ ಕಾಣುವ ಗೇಟಿಗೂ ಸುಗ್ಗಿಯಲ್ಲಿ ದೊಡ್ಡ ಟ್ರ್ಯಾಕ್ಟರ್ ಬರುತ್ತದೆ. ಹುಲ್ಲಿನ ಅಂಚಿಗೆ ಕಾರು ಇಳಿಸುವುದೂ ಬೇಡ, ಚಳಿಗಾಲದಲ್ಲಿ ಚಕ್ರ ಹೂತರೆ ಎಳೆಯಲು ಆ ರೈತನನ್ನೇ ಕರೆಯಬೇಕಾಗುತ್ತದೆ. ಹಳ್ಳಿಯ ಪಬ್ಬಿನಲ್ಲಿ ಮಧ್ಯಾಹ್ನ ಊಟ ಮಾಡುವುದಿದ್ದರೆ, ಮೊದಲೇ ಕೇಳಿ ಅವರ ಅಂಗಳದಲ್ಲಿ ಕಾರು ಬಿಟ್ಟು ನಡೆದುಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಸಸ್ಯಾಹಾರಿಗಳಿಗೆ ಈಗ ಪಬ್ಬುಗಳಲ್ಲಿ ತೊಂದರೆಯಿಲ್ಲ, ಆದರೆ ಎರಡೋ ಎರಡೂವರೆಯೋ ಆದಮೇಲೆ ಅಡುಗೆಮನೆ ಮುಚ್ಚುವವರು ಬಹಳ.

ಕಾಡಿಗೆ ಮೊದಲು ಹೊಲವೋ ದನದ ಹುಲ್ಲುಗಾವಲೋ ದಾಟಬೇಕಾದೀತು. ಬೇಲಿ ದಾಟಲು ಇಲ್ಲೂ ತಡಮೆಗಳಿವೆ. ಎರಡು ಹಲಗೆ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಗೂಟ. ಹಲಗೆ ಪಾಚಿ ಹಿಡಿದು ಜಾರುತ್ತದೆ. ಗೂಟ ಹಿಡಿದು ಒಬ್ಬೊಬ್ಬರಾಗಿ ಹತ್ತಿ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ದನಗಳನ್ನು ನಮ್ಮೂರಿನ ಬೀದಿ ಹಸುವಿನಂತೆ ಮೈದಡವಲು ಹೋಗಬೇಡಿ. ಕರು ಹಾಕಿದ ಹಸುಗಳು ಜನರನ್ನು, ಅದಕ್ಕಿಂತ ಹೆಚ್ಚಾಗಿ ನಾಯಿಯನ್ನು ಕಂಡು ನುಗ್ಗಿದ್ದುಂಟು, ಸಾವುಗಳೂ ಆಗಿವೆ. ತಾಯಿ ಕರುವಿನ ನಡುವೆ ಹಾಯದೆ ದೂರದಿಂದ ಸುತ್ತಿ ಹೋಗಿ. ನಾಯಿ ಜೊತೆಯಲ್ಲಿದ್ದು ದನಗಳು ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ, ನಾಯಿ ತಪ್ಪಿಸಿಕೊಳ್ಳುತ್ತದೆ, ನೀವೂ ಉಳಿಯುತ್ತೀರಿ.

ಕಾಲಿಗೆ ಏನು

ಮಣ್ಣು ನೋಡಿ ಬೂಟು. ಸರ್ರಿಯ ಮರಳು ನೆಲದಲ್ಲಿ ಮಳೆ ನಿಂತ ಮರುದಿನ ಓಡಾಡುವ ಶೂ ಸಾಕು. ಕೇಂಬ್ರಿಜ್‌ಶೈರ್, ಸಫೋಕ್‌ಗಳ ಜೇಡಿಮಣ್ಣಿನ ಕಾಡಿನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ನೀರು ನಿಂತಿರುತ್ತದೆ, ಮೊಣಕಾಲಿನವರೆಗಿನ ರಬ್ಬರ್ ಬೂಟು, ಅಂದರೆ ವೆಲ್ಲಿ, ಇಲ್ಲದೆ ಆಗದು. ಚಿಲ್ಟರ್ನ್ಸ್ ಸುಣ್ಣದ ಗುಡ್ಡ, ನೀರು ಇಂಗಿಹೋಗುತ್ತದೆ ಎಂದುಕೊಂಡರೆ ಅಲ್ಲೂ ಮೋಸ. ಗುಡ್ಡದ ನೆತ್ತಿಯ ಮೇಲೆ ಜೇಡಿ ಮತ್ತು ಚಕಮಕಿ ಕಲ್ಲಿನ ಹೊದಿಕೆಯಿದೆ, ಕುದುರೆ ತುಳಿದ ಬ್ರೈಡಲ್‌ವೇ ಗದ್ದೆಯಂತಿರುತ್ತದೆ. ವೆಲ್ಲಿಯೊಳಗೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ಹತ್ತಿಯದು ಒದ್ದೆಯಾದರೆ ಕಾಲು ಮರಗಟ್ಟುತ್ತದೆ. ಬೇಸಿಗೆಯಲ್ಲೂ ಪೂರ್ತಿ ಪ್ಯಾಂಟು, ಅದನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಇಬ್ಬರಿಗೆ ಒಂದು ಲೀಟರ್ ನೀರು, ಫ್ಲಾಸ್ಕಿನಲ್ಲಿ ಕಾಫಿ, ಕೂರಲು ಪ್ಲಾಸ್ಟಿಕ್ ಹಾಳೆ, ಬ್ಯಾಂಡೇಜು, ಚೂಪುಮೂತಿಯ ಚಿಮಟ, ಕಸಕ್ಕೊಂದು ಚೀಲ. ಇಷ್ಟಾದರೆ ಸಾಕು. ಒಲೆ, ಬಾರ್ಬೆಕ್ಯೂ ಹೆಚ್ಚಿನ ಕಡೆ ಬಿಡುವುದಿಲ್ಲ.

ಗಾಳಿಯ ದಿನ ಮನೆಯಲ್ಲಿರಿ. ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ಗಾಳಿಗೆ ಹಳದಿ ಎಚ್ಚರಿಕೆ ಕೊಟ್ಟಿದ್ದರೂ ಕಾಡಿಗೆ ಹೋಗಬೇಡಿ, ಕೆಂಪಿನವರೆಗೆ ಕಾಯುವುದು ಬೇಡ. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಆ್ಯಶ್ ಮರಗಳು ಎಲ್ಲೆಡೆ ಒಣಗುತ್ತಿವೆ. ಅವುಗಳ ಮರ ಪೆಡಸಾಗಿ, ಗಾಳಿಯಿಲ್ಲದ ದಿನವೂ ಕೊಂಬೆ ಮುರಿದು ಬೀಳುತ್ತದೆ. ಬೇಸಿಗೆಯಲ್ಲಿ ತುದಿ ಬೋಳಾಗಿರುವ, ಬುಡದಿಂದ ಮಾತ್ರ ಗೊಂಚಲು ಚಿಗುರಿರುವ ಮರದ ಕೆಳಗೆ ಊಟಕ್ಕೆ ಕೂರಬೇಡಿ.

ಒಳಗೆ: ಗಂಟೆಗೆ ಒಂದು ಕಿಲೋಮೀಟರ್

ಬಾಗಿಲು ದಾಟಿದ ಕೂಡಲೇ ಐದು ನಿಮಿಷ ಸುಮ್ಮನೆ ನಿಲ್ಲಿ. ನೀವು ಬಂದ ಸದ್ದಿಗೆ ಮೌನವಾದ ಹಕ್ಕಿಗಳು ಮತ್ತೆ ದನಿ ತೆಗೆಯಲು ಅಷ್ಟು ಹೊತ್ತು ಬೇಕು. ಮರ್ಲಿನ್ ಎಂಬ ಉಚಿತ ಆ್ಯಪ್ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ. ಆಗಾಗ ತಪ್ಪುತ್ತದೆ, ಕಣ್ಣಿಗೆ ಕಂಡ ಮೇಲೆ ಗಟ್ಟಿಮಾಡಿಕೊಳ್ಳಿ.

ಆಮೇಲೆ ಅಂಚು ನೋಡಿ. ಹಳೆಯ ಕಾಡಿನ ಗಡಿ ನೆಟ್ಟಗಿರುವುದಿಲ್ಲ, ಅಂಕುಡೊಂಕಾಗಿ ಸಾಗುತ್ತದೆ. ಗಡಿಯುದ್ದಕ್ಕೂ ಮಣ್ಣಿನ ದಿಬ್ಬ, ಅದರ ಹೊರಗೆ ಅಗಳು. ನಮ್ಮ ಮಲೆನಾಡಿನಲ್ಲಿ ತೋಟಕ್ಕೆ ದನ ನುಗ್ಗದಂತೆ ಅಗಳು ಹೊಡೆಸುವ ಲೆಕ್ಕವೇ ಇದು. ಇಲ್ಲಿ ಕಾಯಬೇಕಾಗಿದ್ದದ್ದು ಕಡಿದ ಬುಡದ ಎಳೆಚಿಗುರನ್ನು.

ಅದೇ ಈ ಕಾಡುಗಳ ಗುಟ್ಟು. ಹೇಜಲ್, ಆ್ಯಶ್, ಮೇಪಲ್ ಮರಗಳನ್ನು ನೆಲಮಟ್ಟಕ್ಕೆ ಕಡಿದರೆ ಸಾಯುವುದಿಲ್ಲ, ಕೂಳೆ ಕಬ್ಬಿನಂತೆ ಬುಡದಿಂದ ಹತ್ತಾರು ಕೋಲು ಎಬ್ಬಿಸುತ್ತವೆ. ಹೇಜಲ್ ಆದರೆ ಏಳರಿಂದ ಹತ್ತು ವರ್ಷಕ್ಕೊಮ್ಮೆ ಮತ್ತೆ ಕಡಿಯಬಹುದು. ಬೇಲಿ ಹೆಣೆಯಲು, ಸೌದೆಗೆ, ಇದ್ದಿಲಿಗೆ ಹೀಗೆ ಶತಮಾನಗಟ್ಟಲೆ ಕಡಿದಿದ್ದಾರೆ. ಸಫೋಕ್‌ನ ಬ್ರ್ಯಾಡ್‌ಫೀಲ್ಡ್ ವುಡ್ಸ್‌ನಲ್ಲಿ ಈ ಕೂಳೆ ಪದ್ಧತಿಗೆ 1252ರಿಂದ ದಾಖಲೆಯಿದೆ, ಈಗಲೂ ನಡೆಯುತ್ತಿದೆ. ಹೀಗಾಗಿ ಕಡಿದು ಬೋಳಾದ ಒಂದು ತುಂಡು ನೆಲ ಕಂಡರೆ ಕಾಡು ಹಾಳುಮಾಡಿದ್ದಾರೆಂದು ಮರುಗಬೇಡಿ. ಎರಡನೇ ಮೂರನೇ ವಸಂತಕ್ಕೆ ಬೆಳಕು ಕಂಡ ಆ ತುಂಡಿನಲ್ಲೇ ಹೂವು ಹೆಚ್ಚು. ಒಂದೇ ಬುಡದಿಂದ ಉಂಗುರದಂತೆ ಎದ್ದ ಕಾಂಡಗಳ ಗುಂಪು ಹುಡುಕಿ; ಉಂಗುರ ಅಗಲವಾದಷ್ಟೂ ಬುಡ ಹಳೆಯದು.

ಮಕ್ಕಳಿಗೆ ಒಂದು ಕೆಲಸ ಕೊಡಿ. ಎದೆಯೆತ್ತರದಲ್ಲಿ, ಸುಮಾರು ಒಂದೂವರೆ ಮೀಟರ್ ಮೇಲೆ, ಓಕ್ ಮರದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಲಿ. ಕಾಡಿನೊಳಗಿನ ಮರವಾದರೆ ಸೆಂಟಿಮೀಟರ್ ಲೆಕ್ಕವನ್ನು 1.25ರಿಂದ ಭಾಗಿಸಿ. 250 ಸೆಂಟಿಮೀಟರ್ ಬಂದರೆ ಸುಮಾರು 200 ವರ್ಷ. ಬಯಲಿನಲ್ಲಿ ಒಂಟಿಯಾಗಿ ನಿಂತ ಮರ ಅದರ ಎರಡರಷ್ಟು ಬೇಗ ದಪ್ಪಗಾಗುತ್ತದೆ, ಹಾಗಾಗಿ 2.5ರಿಂದ ಭಾಗಿಸಬೇಕು. ಕಡಿದು ಚಿಗುರಿದ ಮರಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅಂದಾಜೇ ಹೊರತು ಜಾತಕವಲ್ಲ.

ಹಾದಿ ಬಿಡಬೇಡಿ ಎಂಬ ಮಾತನ್ನು ಎಲ್ಲ ಫಲಕಗಳಲ್ಲೂ ಬರೆದಿರುತ್ತಾರೆ, ಕಾರಣ ಬರೆದಿರುವುದಿಲ್ಲ. ಬ್ಲೂಬೆಲ್ ಎಲೆ ಒಮ್ಮೆ ತುಳಿತಕ್ಕೆ ಸಿಕ್ಕಿ ಮುರಿದರೆ ಆ ವರ್ಷ ಬೇರೆ ಎಲೆ ಬರುವುದಿಲ್ಲ. ಗೆಡ್ಡೆಗೆ ಆಹಾರ ತುಂಬದೆ ಮುಂದಿನ ವರ್ಷದ ಹೂವೂ ಹೋಗುತ್ತದೆ. ಒಬ್ಬರು ಫೋಟೊಗಾಗಿ ಎರಡು ಹೆಜ್ಜೆ ಒಳಗೆ ಇಟ್ಟರೆ ಅದೇ ಜಾಡಿನಲ್ಲಿ ಐವತ್ತು ಜನ ನಡೆಯುತ್ತಾರೆ, ಮಣ್ಣು ಗಟ್ಟಿಯಾಗಿ ಆ ಪಟ್ಟಿ ವರ್ಷಗಟ್ಟಲೆ ಬರಡು. ಸೀರೆಯುಟ್ಟು ಹೂವಿನ ನಡುವೆ ಕೂತ ಫೋಟೊ ಬೇಕೇ ಬೇಕು ಎನ್ನುವವರಿಗೆ ಉಪಾಯವಿದೆ. ಹಾದಿ ತಿರುಗುವ ಕಡೆ ಆಚೆ ಬದಿಯ ಹಾದಿಯ ಮೇಲೆಯೇ ನಿಲ್ಲಿಸಿ, ಈಚೆಯಿಂದ ಮಂಡಿಯೂರಿ, ಜೂಮ್ ಮಾಡಿ ತೆಗೆಯಿರಿ. ಮುಂದಿನ ಹೂವು ಹಿಂದಿನ ಹೂವು ಸೇರಿ ಹಾದಿ ಮರೆಯಾಗುತ್ತದೆ. ಮೋಡದ ದಿನ ಬಣ್ಣ ಚೆನ್ನಾಗಿ ಬರುತ್ತದೆ. ಗೆಡ್ಡೆ ಕೀಳುವುದು 1981ರ ವನ್ಯಜೀವಿ ಕಾನೂನಿನಡಿ ಅಪರಾಧ.

ಮರಕ್ಕೆ ಕಟ್ಟಿರುವ ಸಣ್ಣ ಪೆಟ್ಟಿಗೆಗಳನ್ನು ತೆರೆಯಬೇಡಿ, ಒಳಗೆ ಇಲಿಯಂಥ ಪುಟ್ಟ ಪ್ರಾಣಿ ಡಾರ್‌ಮೌಸ್ ಅಥವಾ ಬಾವಲಿ ಇರಬಹುದು. ಪರವಾನಗಿಯಿಲ್ಲದೆ ಅವನ್ನು ಕದಡುವಂತಿಲ್ಲ.

ತಿನ್ನುವ ಮಾತು

ಏಪ್ರಿಲ್‌ನಲ್ಲಿ ಕಾಡಿಗೆ ಕಾಡೇ ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಅದು ಕಾಡುಬೆಳ್ಳುಳ್ಳಿ, ಎಲೆಯ ಚಟ್ನಿ ಚೆನ್ನಾಗಿಯೇ ಆಗುತ್ತದೆ. ಆದರೆ ಅದರ ನಡುವೆಯೇ ಲಾರ್ಡ್ಸ್ ಆ್ಯಂಡ್ ಲೇಡೀಸ್ ಎಂಬ ಕೆಸುವಿನ ಜಾತಿಯ ವಿಷಗಿಡ ಎಳೆಯದಾಗಿ ಸೇರಿಕೊಂಡಿರುತ್ತದೆ. ಕೆಲವೆಡೆ ಲಿಲಿ ಆಫ್ ದ ವ್ಯಾಲಿಯೂ ಇರುತ್ತದೆ, ಅದು ಹೃದಯಕ್ಕೆ ವಿಷ. ಮೂಸಿ ನೋಡಿದರೆ ಗೊತ್ತಾಗುತ್ತದಲ್ಲ ಅನ್ನಬಹುದು. ನಾಲ್ಕು ಎಲೆ ಕಿತ್ತ ಮೇಲೆ ನಿಮ್ಮ ಬೆರಳೇ ಬೆಳ್ಳುಳ್ಳಿ ನಾರುತ್ತದೆ, ಐದನೆಯದು ಯಾವುದಾದರೂ ಹಾಗೇ ಅನ್ನಿಸುತ್ತದೆ. ಹಿಡಿಗಟ್ಟಲೆ ಕೀಳದೆ ಒಂದೊಂದೇ ಎಲೆ ನೋಡಿ ಕೀಳಬೇಕು, ಅದೂ ಸಂರಕ್ಷಿತ ಕಾಡಿನಲ್ಲಿ ಬೇಡವೇ ಬೇಡ. ಅಣಬೆಯ ಗೋಜಿಗಂತೂ ಹೋಗಬೇಡಿ. ಇಲ್ಲಿನ ಡೆತ್ ಕ್ಯಾಪ್ ನೋಡಲು ತಿನ್ನುವ ಅಣಬೆಯಂತೆಯೇ ಇದ್ದು ಯಕೃತ್ತನ್ನು ಕೊಲ್ಲುತ್ತದೆ, ಬೇಯಿಸಿದರೂ ವಿಷ ಹೋಗದು. ಮಕ್ಕಳಿಗೆ ಯೂ ಮರದ ಕೆಂಪು ಹಣ್ಣು ತೋರಿಸಿ, ಮುಟ್ಟಬಾರದೆಂದು ಮೊದಲೇ ಹೇಳಿ. ಅದರ ಬೀಜವೂ ಎಲೆಯೂ ವಿಷ.

ಉಣುಗು

ಇಂಬಳ ಇಲ್ಲಿಲ್ಲ ಎಂದು ಮಲೆನಾಡಿನವರು ನಿರಾಳವಾಗುತ್ತಾರೆ, ಆದರೆ ಉಣುಗು ಇದೆ. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಉಣುಗು ಹರಡುತ್ತದೆ ಎಂಬುದು ಶಿವಮೊಗ್ಗ, ಉತ್ತರ ಕನ್ನಡದವರಿಗೆ ಹೊಸತಲ್ಲ. ಇಲ್ಲಿನದು ಹರಡುವುದು ಮುಖ್ಯವಾಗಿ ಲೈಮ್ ಕಾಯಿಲೆ. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ, ಆದ್ದರಿಂದ ಬೇಗ ಗೊತ್ತಾದರೆ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ. ವಸಂತದಿಂದ ಶರತ್ಕಾಲದವರೆಗೆ ಅವು ಹೆಚ್ಚು. ಮರಿ ಉಣುಗು ಗಸಗಸೆ ಕಾಳಿನಷ್ಟು, ಕಚ್ಚಿದ್ದು ಗೊತ್ತಾಗುವುದಿಲ್ಲ.

ಮನೆಗೆ ಬಂದು ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಸೊಂಟದ ಪಟ್ಟಿಯ ಸುತ್ತ, ಮಕ್ಕಳಿಗೆ ಕೂದಲಂಚು ಮತ್ತು ಕಿವಿಯ ಹಿಂದೆ ನೋಡಿ. ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಹಿಸುಕದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು, ಬೆಂಕಿಕಡ್ಡಿ ಯಾವುದೂ ಬೇಡ. ಕೆರಳಿದ ಉಣುಗು ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೆ ಕಕ್ಕಬಹುದು. ಸೋಪು ನೀರಿನಲ್ಲಿ ತೊಳೆದು, ಕಚ್ಚಿದ ದಿನಾಂಕ ಬರೆದಿಡಿ. ಒಂದರಿಂದ ನಾಲ್ಕು ವಾರದೊಳಗೆ, ಕೆಲವೊಮ್ಮೆ ಮೂರು ತಿಂಗಳ ತನಕವೂ, ಹಬ್ಬುವ ಕೆಂಪು ವೃತ್ತ ಕಂಡರೆ, ಅಥವಾ ವೃತ್ತವಿಲ್ಲದೆಯೂ ಜ್ವರ, ಮೈಕೈ ನೋವು ಬಂದರೆ ಜಿಪಿ, ಅಂದರೆ ನಿಮ್ಮ ಬಡಾವಣೆಯ ವೈದ್ಯರ, ಹತ್ತಿರ ಹೋಗಿ ಉಣುಗು ಕಚ್ಚಿತ್ತೆಂದು ಬಾಯಿಬಿಟ್ಟು ಹೇಳಿ. ನಮ್ಮ ಮೈಬಣ್ಣದ ಮೇಲೆ ಆ ವೃತ್ತ ಕೆಂಪಾಗಿ ಕಾಣದೆ ಕಂದು ಅಥವಾ ನೇರಳೆಯಾಗಿ ಕಾಣಬಹುದು, ಹಾಗಾಗಿ ಬಣ್ಣಕ್ಕಿಂತ ಕಲೆ ಹಿರಿದಾಗುತ್ತಿದೆಯೇ ಎಂಬುದನ್ನು ಗಮನಿಸಿ.

ಕಾಡಿನಲ್ಲೇ ಕಾಲು ಉಳುಕಿ ನಡೆಯಲಾಗದಿದ್ದರೆ ತುರ್ತು ಸೇವೆಯ 999ಕ್ಕೆ ಕರೆ ಮಾಡಿ. ಅಲ್ಲಿ ಪೋಸ್ಟ್‌ಕೋಡ್ ನಿಮ್ಮ ನೆರವಿಗೆ ಬರುವುದಿಲ್ಲ, ಒಂದು ಪೋಸ್ಟ್‌ಕೋಡ್ ಹಲವು ಚದರ ಕಿಲೋಮೀಟರ್ ಹಬ್ಬಿರಬಹುದು. ಆರ್ಡ್‌ನೆನ್ಸ್ ಸರ್ವೆಯ ಗ್ರಿಡ್ ಸಂಖ್ಯೆಯನ್ನೋ ನೀವಿರುವ ಜಾಗವನ್ನು ಮೂರು ಪದಗಳಲ್ಲಿ ಗುರುತಿಸುವ ವಾಟ್‌ತ್ರೀವರ್ಡ್ಸ್ ಆ್ಯಪ್‌ನ ಆ ಪದಗಳನ್ನೋ ಹೇಳಿ. ಮಾತಿಗೆ ಸಿಗ್ನಲ್ ಸಾಲದಿದ್ದರೂ ಕೆಲವೊಮ್ಮೆ ಎಸ್‌ಎಂಎಸ್ ಹೋಗುತ್ತದೆ. ಅದಕ್ಕೆ ನಿಮ್ಮ ಫೋನು ಮೊದಲೇ ನೋಂದಾಯಿತವಾಗಿರಬೇಕು: ಮನೆಯಲ್ಲೇ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಸಂದೇಶವಾಗಿ ಕಳಿಸಿ, ಬರುವ ಸೂಚನೆಯಂತೆ ಮಾಡಿ. ಎರಡು ನಿಮಿಷದ ಕೆಲಸ.

ಹಿಂದಿರುಗಿದ ಮೇಲೆ

ಬೂಟಿನ ಕೆಸರನ್ನು ಕಾರು ಹತ್ತುವ ಮೊದಲೇ ಕಡ್ಡಿಯಿಂದ ಕೆರೆದು, ಮನೆಯಲ್ಲಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಮರಗಳ ಬೇರು ಕೊಳೆಯಿಸುವ ರೋಗಾಣುಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವುದು ಈ ಕೆಸರಿನಲ್ಲೇ. ತೊಳೆದರಷ್ಟೇ ಸಾಲದು, ಪೂರ್ತಿ ಒಣಗಬೇಕು. ಚರ್ಮದ ಬೂಟನ್ನು ರೇಡಿಯೇಟರ್ ಮೇಲಿಟ್ಟರೆ ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ಗಾಳಿಯಾಡುವ ಕಡೆ ಇಟ್ಟು, ರಾತ್ರಿ ಮಲಗುವ ಮುಂಚೆ ಒಮ್ಮೆ ಕಾಗದ ಬದಲಿಸಿ.